ಅಮ್ಮ ಬಾರದ ಮಂಗಳವಾರ

ನನ್ನ ದೊಡ್ಡಮ್ಮ ಗುಡ್ಡಮ್ಮನ ಮೈಮೇಲೆ ಪ್ರತಿ ಮಂಗಳವಾರ, ಊರವರೆಲ್ಲ ಅಮ್ಮ ಎನ್ನುತ್ತಿದ್ದ ದೇವಿ ಬರುತ್ತಿದ್ದಳು. ಬರುವುದು ನಿಂತದ್ದು ಸಾವಿರದ ಒಂಬೈನೂರ ಐವತ್ತೆಂಟರಲ್ಲಿ. ಯಾಕೆ ನಿಂತಿತು ಎನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅರ್ಥವಾದವಳ ಹಾಗೆ ಬರೆಯುವ ಜಾಣತನವೂ ನನಗೆ ಬೇಡ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಸೊರಬದಿಂದ ಚಂದ್ರಗುತ್ತಿಗೆ ಹೋಗುವ ದಾರಿ ಬಿಟ್ಟು ಸ್ವಲ್ಪ ಒಳಗೆ ನಡೆದರೆ ನಮ್ಮ ಊರು. ದೊಡ್ಡಮ್ಮ ಆ ಊರಿಗೆ ಸೊಸೆಯಾಗಿ ಬಂದವಳು. ಗಂಡ ನಡುಕದ ಜ್ವರದಲ್ಲಿ ತೀರಿಕೊಂಡಾಗ ಅವಳಿಗೆ ಇನ್ನೂ ಚಿಕ್ಕ ವಯಸ್ಸು, ಮಕ್ಕಳಿರಲಿಲ್ಲ. ಅದಾದ ಮಾರನೆಯ ವರ್ಷವೇ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದಾಗ ಮೊದಲ ಸಲ ಮೈಮೇಲೆ ಬಂತಂತೆ. ಆಮೇಲೆ ಅದಕ್ಕೊಂದು ಕ್ರಮವಾಯಿತು. ಮಂಗಳವಾರ ಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಬಿಟ್ಟುಕೊಂಡು ಜಗಲಿಯ ಮಣೆಯ ಮೇಲೆ ಕೂರುತ್ತಿದ್ದಳು. ಊರಿನ ಚಿಕ್ಕಬೀರಪ್ಪ ಪಕ್ಕದಲ್ಲಿ ಚೌಡಿಕೆ ಬಾರಿಸುತ್ತಿದ್ದ. ಒಂಟಿ ತಂತಿಯ ಆ ವಾದ್ಯದ ಸದ್ದು ಏರುತ್ತ ಹೋದ ಹಾಗೆ ದೊಡ್ಡಮ್ಮನ ಭುಜ ನಡುಗಿ, ತಲೆ ಗಿರಗಿರ ತಿರುಗಿ, ಬಾಯಿಂದ ಬೇರೆಯದೇ ದನಿ ಹೊರಡುತ್ತಿತ್ತು. ಆ ದನಿ ಹೇಳಿದ್ದಕ್ಕೆ ಜನ ಹೇಳಿಕೆ ಎನ್ನುತ್ತಿದ್ದರು. ಕಳೆದುಹೋದ ಎಮ್ಮೆ, ಮುರಿದುಬಿದ್ದ ಸಂಬಂಧ, ಮಗುವಿನ ಬಾಲಗ್ರಹ, ಎಲ್ಲಕ್ಕೂ ಹೇಳಿಕೆ ಬೇಕು. ಎಲ್ಲ ಮುಗಿದ ಮೇಲೆ ದೊಡ್ಡಮ್ಮನಿಗೆ ತಾನು ಏನು ಹೇಳಿದೆ ಎನ್ನುವುದರ ಒಂದು ಅಕ್ಷರವೂ ನೆನಪಿರುತ್ತಿರಲಿಲ್ಲ.

ನನಗೆ ಆಗಲೂ ಸಿಟ್ಟು ಬರಿಸುತ್ತಿದ್ದ ವಿಷಯ ಒಂದಿತ್ತು. ಗಂಡ ಸತ್ತವಳೆಂದು ಮದುವೆ ಮನೆಯಲ್ಲಿ ಅವಳನ್ನು ಹಿತ್ತಿಲ ಕಡೆ ಕೂರಿಸುತ್ತಿದ್ದ ಜನವೇ ಮಂಗಳವಾರ ಬಂದು ಅವಳ ಕಾಲಿಗೆ ಬೀಳುತ್ತಿದ್ದರು. ವಾರಕ್ಕೆ ಒಂದು ಮಧ್ಯಾಹ್ನದ ಮರ್ಯಾದೆ. ಅದೂ ಪುಕ್ಕಟೆಯಲ್ಲ. ದೇವಿ ಇಳಿದುಹೋದ ಮೇಲೆ ದೊಡ್ಡಮ್ಮನ ತಲೆ ಸಿಡಿಯುತ್ತಿತ್ತು. ಶುಂಠಿ ಅರೆದು ಹಚ್ಚಿ, ಬಟ್ಟೆ ಬಿಗಿದು ಕಟ್ಟಿಕೊಂಡು ಮಲಗಿದರೂ ನಿದ್ದೆ ಬರುತ್ತಿರಲಿಲ್ಲ. ನಿದ್ದೆಗೆಟ್ಟ ಮೇಲೆ ಬೈಗುಳ. ನನ್ನಿಂದ ಹಿಡಿದು ಕೊಟ್ಟಿಗೆಯ ಹಸುವಿನವರೆಗೆ ಯಾರಿಗೂ ಬಿಡುಗಡೆಯಿಲ್ಲ.

ನಾನು ಪರೀಕ್ಷೆ ಪಾಸು ಮಾಡಿ, ಶಾಲೆಯಲ್ಲಿ ಟೀಚರ್ ಕೆಲಸದ ಆರ್ಡರಿಗೆ ಕಾಯುತ್ತ ದೊಡ್ಡಮ್ಮನ ಮನೆಯಲ್ಲಿದ್ದೆ. ಆ ವರ್ಷವೇ ಸದಾಶಿವಪ್ಪ ಮೇಷ್ಟ್ರು ಶಿಕಾರಿಪುರದಿಂದ ವರ್ಗವಾಗಿ ನಮ್ಮೂರ ಶಾಲೆಗೆ ಬಂದರು. ಹೆಂಡತಿ ಮಕ್ಕಳನ್ನು ಶಿಕಾರಿಪುರದಲ್ಲೇ ಬಿಟ್ಟು ಬಂದವರು, ನಮ್ಮ ಹೊರಗಿನ ಕೋಣೆ ಬಾಡಿಗೆಗೆ ಹಿಡಿದರು. ದಿನಾ ಬೆಳಗಿನ ಜಾವ ಮಿಂದು, ವಿಭೂತಿ ಹಚ್ಚಿ, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂರುತ್ತಿದ್ದರು. ಮಂತ್ರ ಗಟ್ಟಿಯಾಗಿ ಹೇಳುವುದಿಲ್ಲ, ಗಂಟೆ ಬಾರಿಸುವುದಿಲ್ಲ, ಅಲುಗಾಡುವುದೂ ಇಲ್ಲ.

ದೊಡ್ಡಮ್ಮ ಕಸ ಗುಡಿಸುವ ನೆಪದಲ್ಲಿ ಕೆಲವು ದಿನ ಇಣುಕಿ ನೋಡಿದಳು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಎಂತ ಮೇಷ್ಟ್ರೆ, ಅಷ್ಟು ಹೊತ್ತು ಕೂತ್ಕಂಡು ಎಂತ ಮಾಡ್ತಿದ್ರಿ?"

"ಧ್ಯಾನ ಮಾಡ್ತೀನ್ರಿ."

"ಅದ್ರಿಂದ ಎಂತ ಆಗ್ತದೆ?"

ಮೇಷ್ಟ್ರು ಯೋಚಿಸಿ, "ದೊಡ್ಡದೇನೂ ಆಗಲ್ರಿ. ರಾತ್ರಿ ನಿದ್ದಿ ಚಲೋ ಬರ್ತತಿ. ಸಿಟ್ಟು ಬಂದಾಗ, ಈಗ ಸಿಟ್ಟು ಬಂತು ಅಂತ ಗೊತ್ತಾಗ್ತತಿ. ಗೊತ್ತಾದ್ರೆ ಅರ್ಧ ಇಳೀತತಿ," ಎಂದರು.

ನಿದ್ದೆ ಎಂಬ ಮಾತು ಕೇಳಿದ್ದೇ ದೊಡ್ಡಮ್ಮ ಪೊರಕೆ ಬಿಟ್ಟು ಅಲ್ಲೇ ಕುಕ್ಕರಿಸಿದಳು. "ಆದ್ರೆ ನಮ್ಮವ್ರಿಗೆ ಲಿಂಗ ಕಟ್ಟೋ ಪದ್ಧತಿ ಇಲ್ಲಲ್ಲ. ಕೈಯಲ್ಲಿ ಎಂತ ಇಟ್ಕಂಡು ನೋಡ್ಲಿ?"

"ಉಸಿರು ಐತಲ್ರಿ. ಅದನ್ನೇ ನೋಡ್ರಿ."

ಆಮೇಲೆ ಅವರು ಹೇಳಿಕೊಟ್ಟದ್ದು ಬಹಳ ಸರಳವಾಗಿತ್ತು. ನಾನೂ ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ. ದಿನಾ ಒಂದೇ ಜಾಗ, ಒಂದೇ ಹೊತ್ತು. ಹೊಟ್ಟೆ ಖಾಲಿ ಇರಬೇಕು. ಕಂಬಳಿ ಮಡಿಸಿ ಅದರ ಮೇಲೆ ಕೂರುವುದು, ಬೆನ್ನು ನೆಟ್ಟಗಿರಲಿ, ಆದರೆ ಪೊಲೀಸಿನವರ ಹಾಗೆ ಸೆಟೆದುಕೊಳ್ಳುವುದು ಬೇಡ. ಮಂಡಿ ನೋಯುವವರು ಕಾಲು ಚಾಚಿದರೂ ಅಡ್ಡಿಯಿಲ್ಲ. ಮೂಗಿನ ಹತ್ತಿರ ಉಸಿರು ಒಳಗೆ ಹೋಗುವುದು, ಹೊರಗೆ ಬರುವುದು, ಅಷ್ಟನ್ನೇ ಗಮನಿಸುವುದು. ಉಸಿರನ್ನು ಎಳೆಯುವುದೂ ಬೇಡ, ತಡೆಯುವುದೂ ಬೇಡ. ಮನಸ್ಸು ಓಡಿಹೋಗುತ್ತದೆ, ಹೋದದ್ದು ಗೊತ್ತಾದಾಗ ಬೈಯದೆ ಕರೆತರಬೇಕು. ಮೊದಮೊದಲು ಅರ್ಧ ಊದಿನಕಡ್ಡಿ ಉರಿಯುವಷ್ಟು ಹೊತ್ತು ಸಾಕು.

ಸರಳವಾದದ್ದೇ ದೊಡ್ಡಮ್ಮನಿಗೆ ಕಷ್ಟವಾಯಿತು. ಮೊದಲ ದಿನ ಉಸಿರು ಬಿಗಿಹಿಡಿದು ಕಣ್ಣು ಕೆಂಪಗೆ ಮಾಡಿಕೊಂಡಳು. ಆಮೇಲೊಂದು ದಿನ ಮನಸ್ಸಿಗೆ ಗಟ್ಟಿಯಾಗಿ ಬೈಯತೊಡಗಿದಳು, ಹಸುವಿಗೆ ಬೈಯುವ ಮಾತುಗಳಲ್ಲೇ. ಮೇಷ್ಟ್ರು ನಗು ತಡೆಯಲಾರದೆ ಲಿಂಗವನ್ನು ಕರಡಿಗೆಯೊಳಗೆ ಇಡಬೇಕಾಯಿತು.

"ಬೈಬ್ಯಾಡ್ರಿ ಅಂದಿದ್ನಲ್ರಿ."

"ಎಮ್ಮೆ ಹಿಂಡು ಬೇಲಿ ಮುರ್ದು ಗದ್ದೆಗೆ ನುಗ್ಗಿದಂಗೆ ನುಗ್ತದೆ ಮೇಷ್ಟ್ರೆ. ಬೈದೆ ಹೆಂಗೆ ಕರೀಲಿ?"

ಇನ್ನೊಂದು ತೊಂದರೆ ಅವಳಿಗೆ ಮಾತ್ರ ಇದ್ದದ್ದು. ಕಣ್ಣು ಮುಚ್ಚಿ ಕೂತ ಕೂಡಲೇ ಅಭ್ಯಾಸಬಲದಿಂದ ಭುಜ ತೂಗಲು ಶುರುವಾಗುತ್ತಿತ್ತು. ದೇವಿಯನ್ನು ಕರೆಯಲು ಕೂರುವುದೂ, ಸುಮ್ಮನೆ ಕೂರುವುದೂ ಆ ಮೈಗೆ ಒಂದೇ ಆಗಿತ್ತು. ಕಣ್ಣು ಪೂರ್ತಿ ಮುಚ್ಚದೆ ಅರ್ಧ ತೆರೆದು ನೆಲ ನೋಡಲು ಮೇಷ್ಟ್ರು ಹೇಳಿದರು. ನೆಲ ನೋಡುತ್ತ ಕೂತರೆ ತೂಗುವುದು ತಾನಾಗಿ ನಿಲ್ಲುತ್ತಿತ್ತು.

ಮಳೆಗಾಲ ಕಳೆಯುವ ಹೊತ್ತಿಗೆ ದೊಡ್ಡಮ್ಮ ಬದಲಾಗಿದ್ದಳು. ರಾತ್ರಿ ತಲೆ ದಿಂಬಿಗೆ ಇಟ್ಟರೆ ಬೆಳಿಗ್ಗೆಯೇ ಏಳುವುದು. ತಲೆಗೆ ಬಟ್ಟೆ ಕಟ್ಟುವುದು ತಪ್ಪಿತು. ನಾನು ಹಾಲು ಉಕ್ಕಿಸಿ ಒಲೆ ಆರಿಸಿದಾಗ, "ಉಕ್ಕಿತಾ? ಹೋಗ್ಲಿ ಬಿಡು," ಎಂದಳು. ನನಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತು. ಬೈಗುಳವಿಲ್ಲದ ದೊಡ್ಡಮ್ಮನ ಜೊತೆ ಹೇಗಿರಬೇಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಒಂದು ಮಂಗಳವಾರ ಅಮ್ಮ ಬರಲಿಲ್ಲ.

ಚಿಕ್ಕಬೀರಪ್ಪ ಚೌಡಿಕೆ ಬಾರಿಸಿದ. ಧೂಪ ಹಾಕಿದ, ಮತ್ತೆ ಬಾರಿಸಿದ. ದೊಡ್ಡಮ್ಮ ಮಣೆಯ ಮೇಲೆ ಸುಮ್ಮನೆ ಕೂತೇ ಇದ್ದಳು. ಮೈಯಲ್ಲಿ ಒಂದು ಸಣ್ಣ ನಡುಕವೂ ಇಲ್ಲ. ಬಂದವರು ಕಾಯಿ ಹಣ್ಣು ಇಟ್ಟು, ಮುಖ ಮುಖ ನೋಡಿಕೊಂಡು ಎದ್ದುಹೋದರು. ಮುಂದಿನ ವಾರವೂ ಹಾಗೆಯೇ ಆಯಿತು. ಆಗ ಚಿಕ್ಕಬೀರಪ್ಪನಿಗೆ ವಿಷಯ ಸ್ಪಷ್ಟವಾಗಿ ಹೊಳೆಯಿತು. ಮೇಷ್ಟ್ರು ಅಮ್ಮನಿಗೆ ಕಟ್ಟು ಹಾಕಿದ್ದಾರೆ. ಭೂತಕ್ಕೆ ಮಂತ್ರವಾದಿಗಳು ಹಾಕುವ ದಿಗ್ಬಂಧನವನ್ನೇ ನಮ್ಮ ಕಡೆ ಕಟ್ಟು ಎನ್ನುತ್ತಾರೆ. ಅವನು ನಾಲ್ಕು ಜನರನ್ನು ಕಟ್ಟಿಕೊಂಡು ಸಂಜೆ ಮೇಷ್ಟ್ರ ಕೋಣೆಯ ಮುಂದೆ ಬಂದು ನಿಂತ.

"ಮೇಷ್ಟ್ರೆ, ನೀವು ದೊಡ್ಡೋರು. ಆದ್ರೆ ಕಟ್ಟು ಬಿಚ್ಬೇಕು."

"ಕಟ್ಟೇ ಇಲ್ಲಪ್ಪ, ಏನು ಬಿಚ್ಚಲಿ?"

"ಉಸಿರಿಗೆ ಕಟ್ಟಿದೀರಿ. ದಿನಾ ಬೆಳಿಗ್ಗೆ ಉಸಿರು ಕಾಯ್ತಾಳಂತಲ್ಲ. ಬಾಗಿಲಲ್ಲಿ ಕಾವಲು ಕೂತ್ರೆ ಅಮ್ಮ ಒಳಗೆ ಹೆಂಗೆ ಬರಬೇಕು?"

ಮೇಷ್ಟ್ರು ಲಾಟೀನು ಹಚ್ಚುವ ನೆಪದಲ್ಲಿ ಒಳಗೆ ಹೋದರು. ಮೂರ್ಖನೆಂದು ನಾನು ಎಣಿಸಿದ್ದ ಚಿಕ್ಕಬೀರಪ್ಪ ಕೇಳಿದ್ದು ಸರಿಯಾಗಿಯೇ ಇದೆಯಲ್ಲ ಎಂದು ನನ್ನ ತಲೆ ಕೆಟ್ಟುಹೋಯಿತು.

ಅದರ ಮುಂದಿನ ಮಂಗಳವಾರ ಬಸಕ್ಕ ಬಂದಳು. ಅವಳು ನಮ್ಮ ಕೇರಿಯ ಕೊನೆಯ ಮನೆಯವಳು. ಅವಳ ಗಂಡ ಸಣ್ಣಪ್ಪ ಶರಾವತಿಯ ಅಣೆಕಟ್ಟೆ ಕೆಲಸಕ್ಕೆಂದು ಹೋದವನು ತಿರುಗಿ ಬಂದಿರಲಿಲ್ಲ. ಕಾಗದವಿಲ್ಲ, ಸುದ್ದಿಯಿಲ್ಲ. ಅವಳು ಪ್ರತಿ ಮಂಗಳವಾರ ಕೇಳುತ್ತಿದ್ದದ್ದು ಒಂದೇ ಮಾತು, ಅಮ್ಮ ಹೇಳುತ್ತಿದ್ದದ್ದೂ ಒಂದೇ ಉತ್ತರ. ಅವತ್ತೂ ಚೌಡಿಕೆ ನಿಂತ ಮೇಲೆ ಮುಂದೆ ಬಂದು ಕೇಳಿದಳು.

"ತಾಯೀ, ನಮ್ಮನೆಯೋರು ಬರ್ತಾರಾ?"

ಇಷ್ಟು ವರ್ಷದಲ್ಲಿ ದೊಡ್ಡಮ್ಮ ಆ ಪ್ರಶ್ನೆಯನ್ನು ತನ್ನ ಕಿವಿಯಿಂದ ಕೇಳಿದ್ದು ಅದೇ ಮೊದಲು. ಅವಳು ಬಸಕ್ಕನ ಮುಖ ನೋಡಿದಳು.

"ಇದ್ನ ಮುಂಚೆನೂ ಕೇಳಿದ್ಯಾ?"

"ಪ್ರತಿ ಸಲ ಕೇಳ್ತೀನಲ್ಲ."

"ನಾನು ಎಂತ ಹೇಳ್ತಿದ್ದೆ?"

"ಬರ್ತಾನೆ, ಕುಂಕುಮ ಅಳಿಸ್ಬೇಡ, ಕಾಯ್ತಾ ಇರು ಅಂತ."

ದೊಡ್ಡಮ್ಮನ ಮುಖ ಬಿಳಿಚಿಕೊಂಡಿತು. ಒದ್ದೆ ಕೂದಲನ್ನು ಹಿಂದಕ್ಕೆ ಗಂಟು ಹಾಕಿಕೊಂಡಳು. ಆಮೇಲೆ ತನ್ನದೇ ಮಾಮೂಲು ದನಿಯಲ್ಲಿ, "ನಂಗೊತ್ತಿಲ್ಲ ಮಾರಾಯ್ತಿ. ಬರ್ತಾನೋ ಇಲ್ವೋ, ನಂಗೊತ್ತಿಲ್ಲ," ಎಂದಳು.

ಜನ ಗುಜುಗುಜು ಎಂದರು. ಚಿಕ್ಕಬೀರಪ್ಪ ಚೌಡಿಕೆ ಕೆಳಗಿಟ್ಟ. ಬಸಕ್ಕ ಮಾತ್ರ ಕಲ್ಲಾಗಿ ನಿಂತಿದ್ದಳು. ದೊಡ್ಡಮ್ಮ ಮಣೆಯಿಂದ ಎದ್ದು ಅವಳ ಕೈ ಹಿಡಿದಳು. "ನಾಳೆ ಬೆಳಿಗ್ಗೆ ಬಾ. ನನ್ನ ಜೊತೆ ಸ್ವಲ್ಪ ಹೊತ್ತು ಕೂತ್ಕ. ಮನಸ್ಸಿಗೆ ಸಮಾಧಾನ ಆಗ್ತದೆ," ಎಂದಳು. ಮೋಸದಲ್ಲಿ ಇಟ್ಟಿದ್ದ ಹೆಂಗಸಿಗೆ ಕೊನೆಗೂ ನಿಜ ಹೇಳಿದೆ ಎಂಬ ನೆಮ್ಮದಿ ಅವಳ ಮುಖದಲ್ಲಿತ್ತು. ನನಗೂ ಹಾಗೆಯೇ ಅನ್ನಿಸಿತ್ತು, ಹೆಮ್ಮೆಯೂ ಆಗಿತ್ತು.

ಬಸಕ್ಕ ಬಂದಳು. ದೊಡ್ಡಮ್ಮ ಕಂಬಳಿ ಹಾಸಿ, ಮೇಷ್ಟ್ರು ತನಗೆ ಹೇಳಿದ್ದನ್ನೆಲ್ಲ ತನ್ನ ಮಾತಲ್ಲಿ ಹೇಳಿಕೊಟ್ಟಳು. ಬೆನ್ನು ನೇರ ಮಾಡು, ಉಸಿರು ನೋಡು, ಓಡಿಹೋದ್ರೆ ಕರ್ಕಂಬಾ, ಎಮ್ಮೆಗೆ ಬೈದಂಗೆ ಬೈಬೇಡ. ಕೆಲವು ದಿನ ಇಬ್ಬರೂ ಅಕ್ಕಪಕ್ಕ ಕೂತರು. ಒಂದು ಬೆಳಿಗ್ಗೆ ಊದಿನಕಡ್ಡಿ ಇನ್ನೂ ಉರಿಯುತ್ತಿರುವಾಗಲೇ ಬಸಕ್ಕ ಬಿಕ್ಕಳಿಸಿ ಅಳತೊಡಗಿದಳು.

"ಅವ್ರು ಬರಲ್ಲ ಗುಡ್ಡಕ್ಕ. ನಂಗೆ ಮೊದ್ಲಿಂದ್ಲೂ ಗೊತ್ತು. ಅಲ್ಲಿ ಬೇರೆ ಸಂಸಾರ ಹೂಡಿದಾರಂತೆ. ಕಂಡೋರೇ ಹೇಳಿದ್ರು."

ದೊಡ್ಡಮ್ಮ ದಂಗಾದಳು. "ಗೊತ್ತಿದ್ದೂ ಪ್ರತಿ ವಾರ ಬಂದು ಕೇಳ್ತಿದ್ಯಲ್ಲೇ?"

"ಬರ್ತಾನೆ ಅಂತ ಅಮ್ಮನ ಬಾಯಲ್ಲಿ ಎಲ್ರೂ ಕೇಳ್ಲಿ ಅಂತ. ಇಲ್ದಿದ್ರೆ ನಮ್ಮಣ್ಣ ಸುಮ್ನಿರ್ತಿದ್ನಾ?"

ಅವಳ ಅಣ್ಣ ಉಚ್ಚಂಗಪ್ಪ ಶಿಕಾರಿಪುರದಲ್ಲಿ ಭತ್ತದ ವ್ಯಾಪಾರ ಮಾಡುತ್ತಿದ್ದ. ಗಂಡ ಬಿಟ್ಟುಹೋದ ತಂಗಿಗೆ ಸೀರೆ ಉಡಿಸಿ ಇನ್ನೊಬ್ಬನಿಗೆ ಕೊಡುವುದು ಅವರಲ್ಲಿ ನಡೆದುಬಂದ ಪದ್ಧತಿ. ಹೆಂಡತಿ ಸತ್ತ, ಮನೆ ತುಂಬ ಮಕ್ಕಳಿದ್ದ ಒಬ್ಬನನ್ನು ನೋಡಿಯೂ ಇಟ್ಟಿದ್ದ. ಉಚ್ಚಂಗಪ್ಪ ಕೆಟ್ಟವನಲ್ಲ, ತಂಗಿ ಒಂಟಿಯಾಗಿರಬಾರದು ಎಂಬುದಷ್ಟೇ ಅವನ ಚಿಂತೆ. ದೇವರೆಂದರೆ ಹೆದರಿಕೆಯಿದ್ದ ಮನುಷ್ಯ, ಹಾಗಾಗಿ ಅಮ್ಮ ಕಾಯ್ತಾ ಇರು ಎನ್ನುವಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ.

"ನಂಗೆ ಅಲ್ಲಿಗೆ ಹೋಗಕ್ಕೆ ಇಷ್ಟ ಇಲ್ಲ," ಎಂದಳು ಬಸಕ್ಕ. "ಎರಡು ಎಮ್ಮೆ ಸಾಕ್ಕಂಡು, ಬೆಣ್ಣೆ ಮಾರ್ಕಂಡು ನನ್ನ ಪಾಡಿಗೆ ಇದೀನಿ. ನನ್ನ ಒಲೆ ನಾನೇ ಹಚ್ತೀನಿ, ನಾನೇ ಆರಿಸ್ತೀನಿ. ನೀನು ಗೊತ್ತಿಲ್ಲ ಅಂದಿದ್ದು ಬಸ್ಸಿನ ಜೊತೆಗೇ ಶಿಕಾರಿಪುರ ಮುಟ್ತು. ಮಂಗಳವಾರ ಅಣ್ಣ ಬರ್ತಾನಂತೆ, ಸೀರೆ ತಗಂಡು. ಅವನ ಮುಂದೆನೂ ನೀನು ಗೊತ್ತಿಲ್ಲ ಅಂದ್ರೆ ಅವತ್ತೇ ಕರ್ಕಂಡು ಹೋಗ್ತಾನೆ."

ಆ ದಿನ ದೊಡ್ಡಮ್ಮ ಊಟ ಮಾಡಲಿಲ್ಲ. ನಿಜ ಹೇಳಿ ಒಬ್ಬಳನ್ನು ಬೀದಿಗೆ ತಂದೆನಲ್ಲ ಎಂದು ಗೋಡೆಗೆ ಒರಗಿ ಕೂತುಬಿಟ್ಟಳು. ಮಾರನೆಯ ಬೆಳಗಿನಿಂದ ಧ್ಯಾನಕ್ಕೆ ಕೂರುವುದನ್ನು ನಿಲ್ಲಿಸಿದಳು. ಕಾವಲು ತೆಗೆದರೆ ಅಮ್ಮ ಬಂದಾಳು ಎಂಬ ಆಸೆ. ಬೇಕೆಂದೇ ನಿದ್ದೆಗೆಟ್ಟಳು. ಬಿಸಿಲಲ್ಲಿ ಬರಿತಲೆಯಲ್ಲಿ ತಿರುಗಿದಳು. ಸಿಟ್ಟು ತಂದುಕೊಳ್ಳಲು ನನಗೆ ಬೈದು ನೋಡಿದಳು, ಆದರೆ ಬೈಗುಳ ಅರ್ಧಕ್ಕೇ ಸಪ್ಪಗಾಗಿ ನಿಂತುಹೋಗುತ್ತಿತ್ತು. ಹೋದ ತಲೆನೋವನ್ನು ಬಾ ಎಂದು ಕರೆಯುವ ಹೆಂಗಸನ್ನು ನಾನು ಇನ್ನೆಲ್ಲೂ ಕಂಡಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಮೇಷ್ಟ್ರೆ, ಕಲ್ತಿದ್ದನ್ನ ಮರೆಯೋದು ಹೆಂಗೆ ಹೇಳಿ," ಎಂದು ಅವರ ಬಾಗಿಲಿಗೂ ಹೋದಳು.

"ಅದು ನನಗೆ ಬರಂಗಿಲ್ರಿ," ಎಂದು ಮೇಷ್ಟ್ರು ತಲೆ ತಗ್ಗಿಸಿದರು.

ಮಂಗಳವಾರ ಬಂತು. ಜಗಲಿ ತುಂಬ ಜನ. ಉಚ್ಚಂಗಪ್ಪ ಬಿಳಿ ಪಂಚೆ ಉಟ್ಟು, ಹೊಸ ಸೀರೆಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಎದುರಿಗೇ ಕೂತಿದ್ದ. ಬಸಕ್ಕ ಕಂಬದ ಮರೆಯಲ್ಲಿ ನಿಂತಿದ್ದಳು. ಚಿಕ್ಕಬೀರಪ್ಪ ಬಾರಿಸತೊಡಗಿದ. ದೊಡ್ಡಮ್ಮ ಕಣ್ಣು ಬಿಗಿಯಾಗಿ ಮುಚ್ಚಿ ಕಾದಳು. ಅವಳ ತುಟಿ ಅಲುಗುತ್ತಿತ್ತು, ಬಾ ತಾಯೀ ಬಾ ತಾಯೀ ಎನ್ನುತ್ತಿದ್ದಳೆಂದು ಪಕ್ಕದಲ್ಲಿದ್ದ ನನಗೆ ಗೊತ್ತಾಯಿತು. ಅಮ್ಮ ಬರಲಿಲ್ಲ. ಚೌಡಿಕೆ ಬಾರಿಸುವವನ ಕೈ ಸೋತಿತು.

ಉಚ್ಚಂಗಪ್ಪ ಎದ್ದು ನಿಂತು, "ಬಸಕ್ಕ, ಹೊರಡವ್ವ. ಸಂಜಿ ಬಸ್ಸು ತಪ್ತತಿ," ಎಂದ.

ಆಗ ದೊಡ್ಡಮ್ಮ ಒಮ್ಮೆಲೇ ಎದ್ದಳು. ಏಳುವ ಮುಂಚೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದನ್ನು ನಾನು ಕಂಡೆ. ಮೈಮೇಲೆ ಬಂದಾಗ ಅವಳಿಗೆ ಸೆರಗಿನ ಪರಿವೆ ಇರುತ್ತಿರಲಿಲ್ಲ. ಇದು ಅಮ್ಮನಲ್ಲ, ದೊಡ್ಡಮ್ಮನೇ ಎಂದು ನನಗೆ ಖಾತ್ರಿಯಾಯಿತು. ಭುಜ ಕುಣಿಸಿದಳು, ತಲೆ ತಿರುಗಿಸಿದಳು. ಮೊದಲು ಹೊರಟ ದನಿ ಒಡಕಲಾಗಿತ್ತು.

"ಬಾಲಾ..."

ಕೇಳಲು ಬಂದವರನ್ನು ಅಮ್ಮ ಬಾಲಾ ಎಂದೇ ಕರೆಯುತ್ತಿದ್ದದ್ದು. ಉಚ್ಚಂಗಪ್ಪ ತಿರುಗಿದ. ಆಮೇಲಿನ ದನಿ ಮಾತ್ರ ನಾನು ಅದಕ್ಕೂ ಮುಂಚೆ ಕೇಳಿದ್ದಲ್ಲ, ಆಮೇಲೆ ಕೇಳಿದ್ದೂ ಇಲ್ಲ. ಜಗಲಿಯ ಜನ ಇದ್ದಲ್ಲೇ ಹಿಂದೆ ಸರಿದರು.

"ಬಾಲಾ ಉಚ್ಚಂಗಪ್ಪಾ. ಗಂಡ ಬರ್ತಾನೋ ಇಲ್ವೋ ಅಂತ ನನ್ನ ಕೇಳ್ಬೇಡ. ಆ ಮನೆ ಒಲೆ ಹಚ್ಚೋಳು ಇವಳು, ಆರಿಸೋಳು ಇವಳು. ಹೊರಡ್ತೀನಿ ಅಂತ ಇವಳು ಬಾಯಿ ಬಿಟ್ಟು ಅಂದ ದಿನ ಕಳಿಸು. ಅಲ್ಲೀತನಕ ಆ ಹೊಸಿಲು ದಾಟಿ ಸೀರೆ ತಂದ್ರೆ ನಾನು ಸುಮ್ನಿರಲ್ಲ."

ಉಚ್ಚಂಗಪ್ಪ ಪೊಟ್ಟಣ ಬಿಚ್ಚಿ ಸೀರೆಯನ್ನು ದೊಡ್ಡಮ್ಮನ ಪಾದದ ಬಳಿ ಇಟ್ಟು ಉದ್ದಕ್ಕೆ ಅಡ್ಡಬಿದ್ದ. "ತಪ್ಪಾತು ತಾಯೀ," ಎಂದವನು ಸಂಜೆಯ ಬಸ್ಸಿಗೆ ಒಬ್ಬನೇ ಹೋದ. ಮೇಷ್ಟ್ರ ಕಟ್ಟು ಬಿಚ್ಚಿತೆಂದು ಚಿಕ್ಕಬೀರಪ್ಪ ಊರೆಲ್ಲ ಸಾರಿದ. ದೊಡ್ಡಮ್ಮ ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು. ತಲೆ ನೋಯುತ್ತಿದೆಯಾ ಎಂದು ನಾನು ಕೇಳಿದರೆ, "ಸುಮ್ನೆ ಹೋಗೆ ಲೋಕಮ್ಮ," ಎಂದಳು.

ಮುಂದೆ ಅವಳು ಮಂಗಳವಾರ ಮಣೆಯ ಮೇಲೆ ಕೂರಲೇ ಇಲ್ಲ. ವಯಸ್ಸಾಯಿತು, ಅಮ್ಮ ಚಂದ್ರಗುತ್ತಿಯ ಗುಡ್ಡ ಏರಿ ತನ್ನ ಗುಡಿಗೆ ಹೋದಳು ಎಂದು ಹೇಳಿಬಿಟ್ಟಳು. ಕಾಯಿ ಹಣ್ಣು ಬರುವುದು ನಿಂತಿತು, ಮರ್ಯಾದೆಯೂ ಮೆಲ್ಲಗೆ ನಿಂತಿತು, ಮದುವೆ ಮನೆಯಲ್ಲಿ ಎಂದಿನಂತೆ ಹಿತ್ತಿಲ ಕಡೆಯೇ ಕೂತಳು. ಬೆಳಿಗ್ಗೆ ಧ್ಯಾನಕ್ಕೆ ಕೂರುವುದು ಮಾತ್ರ ಸಾಯುವ ವಾರದವರೆಗೂ ನಡೆಯಿತು. ಅದರಿಂದ ಅವಳಿಗೆ ಒಳ್ಳೆಯದಾಯಿತೇ ಎಂದು ಯಾರಾದರೂ ಕೇಳಿದರೆ ನಿದ್ದೆಯ ಮಟ್ಟಿಗೆ ಹೌದು ಎನ್ನುತ್ತೇನೆ. ಉಳಿದದ್ದರ ಬಗ್ಗೆ ನನಗೆ ಹೇಳಲು ಬರುವುದಿಲ್ಲ. ಉಚ್ಚಂಗಪ್ಪ ಹೋದ ಮರುದಿನದ ಬೆಳಗನ್ನು ಮಾತ್ರ ಹೇಳಿ ಮುಗಿಸುತ್ತೇನೆ.

ಅವತ್ತು ಮೇಷ್ಟ್ರು ಎಂದಿನಂತೆ ಕೂತಿದ್ದರು. ದೊಡ್ಡಮ್ಮ ಮಡಿಸಿದ ಕಂಬಳಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಳು.

"ಸುಳ್ಳು ಹೇಳಿದೋಳು ಕೂರಬೌದಾ ಮೇಷ್ಟ್ರೆ?"

"ಸುಳ್ಳು ಹೇಳಿದ್ದು ಯಾರ್ರಿ?"

"ಅದೇ ಗೊತ್ತಾಗ್ತಿಲ್ಲ. ನಾನೇ ಶುರು ಮಾಡಿದ್ದು, ಸುಳ್ಳು ಅಂತ ಗೊತ್ತಿದ್ದೇ ಶುರು ಮಾಡಿದ್ದು. ನಡುವೆ ಎಲ್ಲೋ ನನ್ನ ದನಿ ನಂಗೇ ಹೆದರಿಕೆ ಆತು. ಆದ್ರೆ ಹೇಳಿದ ಮಾತೆಲ್ಲ ನೆನಪದೆ. ಅಮ್ಮ ಆಗಿದ್ರೆ ನೆನಪಿರ್ಬಾರ್ದಲ್ಲ. ನಾನೇ ಆಗಿದ್ರೆ ಅಷ್ಟು ಧೈರ್ಯ ಎಲ್ಲಿಂದ ಬಂತು?"

ಮೇಷ್ಟ್ರು ಅಂಗೈಯ ಲಿಂಗವನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಬಸಕ್ಕ ಬಂದಳು. ಒಲೆಯ ಹೊಗೆಯ ವಾಸನೆ ಅವಳ ಸೀರೆಯಲ್ಲಿತ್ತು, ಎಲೆಯಲ್ಲಿ ಕಟ್ಟಿ ತಂದಿದ್ದ ಬೆಣ್ಣೆಯನ್ನು ಹೊಸಿಲ ಮೇಲಿಟ್ಟಳು. ದೊಡ್ಡಮ್ಮನ ಕೈಯಿಂದ ಕಂಬಳಿ ತೆಗೆದುಕೊಂಡು ಹಾಸಿ, ತಾನೊಂದು ಬದಿಗೆ ಕೂತು ಅವಳನ್ನೂ ಎಳೆದು ಕೂರಿಸಿದಳು.

"ಅಮ್ಮನೋ ನೀನೋ, ನಂಗೆ ಗೊತ್ತಾಗೋದೇ ಬೇಡ ಗುಡ್ಡಕ್ಕ. ನನ್ನ ಮನೆ ಉಳೀತು."

"ನಂಗೆ ಗೊತ್ತಾಗ್ಬೇಕಲ್ಲೇ ಮಾರಾಯ್ತಿ," ಎಂದು ದೊಡ್ಡಮ್ಮ ಕಣ್ಣು ಮುಚ್ಚಿದಳು.